ಚೀನೀ ಭಾಷೆಯನ್ನು ಏಕೆ ಕಲಿಯಬೇಕು? ಇತಿಹಾಸ ಕೊಡುವ ಉತ್ತರಗಳು

ಸಿಂಗಪುರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಗು ಪ್ರಾಥಮಿಕ ಶಾಲೆಗೆ ಸೇರುವ ವರ್ಷ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಇಂಗ್ಲಿಷಿನ ಜೊತೆಗೆ ಮಗು ಎರಡನೆಯ ಭಾಷೆಯಾಗಿ ಯಾವುದನ್ನು ಓದಬೇಕು? ಚೀನೀ, ಮಲಯ ಮತ್ತು ತಮಿಳು ಇಲ್ಲಿನ ಶಾಲೆಗಳ ಮುಖ್ಯ ಮಾತೃಭಾಷಾ ವಿಷಯಗಳು. ಇವುಗಳ ಜೊತೆಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಭಾಷೆಗಳಿಗೂ ಅವಕಾಶವಿದೆ. ನಮ್ಮ ಕನ್ನಡ ಆ ಪಟ್ಟಿಯಲ್ಲಿಲ್ಲ. ಆದುದರಿಂದ ಕೆಲವರು ಹಿಂದಿಯನ್ನು, ಕೆಲವರು ತಮಿಳನ್ನು ಆರಿಸಿಕೊಳ್ಳುತ್ತಾರೆ. ಚೀನೀ ಭಾಷೆಯನ್ನು ಆರಿಸಿಕೊಳ್ಳುವ ಮನೆಗಳೂ ಉಂಟು.

ಹಾಗೆ ಆರಿಸಿಕೊಂಡವರನ್ನು ಕಾರಣ ಕೇಳಿದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ: ಮುಂದೆ ಉದ್ಯೋಗಕ್ಕೆ ಅನುಕೂಲ, ಚೀನಾದ ವ್ಯಾಪಾರ ದೊಡ್ಡದು, ನೆರೆಹೊರೆಯವರೊಡನೆ ಬೆರೆಯಲು ಸುಲಭ. ಇವು ಯಾವುವೂ ಸುಳ್ಳಲ್ಲ. ಆದರೆ ಇತಿಹಾಸವನ್ನು ತೆರೆದು ನೋಡಿದರೆ, ಈ ಭಾಷೆಯನ್ನು ಹೊರಗಿನವರು ಕಲಿಯಲು ಹೊರಟ ಕಾರಣಗಳು ಇನ್ನೂ ಹಲವು ಎಂದು ತಿಳಿಯುತ್ತದೆ. ಅವುಗಳಲ್ಲಿ ಒಂದು ಕಾರಣವಂತೂ ನಮಗೇ, ಅಂದರೆ ಭಾರತೀಯರಿಗೆ ಮತ್ತು ಕನ್ನಡಿಗರಿಗೆ, ವಿಶೇಷವಾಗಿ ಸೇರಿದ್ದು. ಅದು ಉದ್ಯೋಗದ ಮಾತಲ್ಲ. ನಮ್ಮ ಪೂರ್ವಜರ ಚರಿತ್ರೆಯ ಕೆಲವು ಪುಟಗಳು ಚೀನೀ ಲಿಪಿಯಲ್ಲಿವೆ. ಅವುಗಳನ್ನು ಇಂದಿಗೂ ನಾವು ಪರರ ಕಣ್ಣಿನಿಂದ ಓದುತ್ತಿದ್ದೇವೆ ಎಂಬ ಸಂಗತಿ.

ಪುಲಕೇಶಿಯನ್ನು ಕಂಡ ಯಾತ್ರಿಕ

ಬಾದಾಮಿಯ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯು ಉತ್ತರಾಪಥೇಶ್ವರ ಹರ್ಷವರ್ಧನನನ್ನು ತಡೆದು ನಿಲ್ಲಿಸಿದನೆಂಬುದು ಕನ್ನಡದ ಪ್ರತಿಯೊಂದು ಶಾಲಾ ಪಠ್ಯದಲ್ಲಿಯೂ ಇರುವ ಸಂಗತಿ. ಇದಕ್ಕೆ ನಮ್ಮ ನೆಲದಲ್ಲಿರುವ ಮುಖ್ಯ ಆಧಾರ ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲಿನ ಶಾಸನ. ಕ್ರಿ.ಶ. 634ರ ಈ ಶಾಸನವನ್ನು ರಚಿಸಿದ ರವಿಕೀರ್ತಿಯು ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಒಡೆಯನ ಗೆಲುವನ್ನು ಆಶ್ರಿತ ಕವಿ ಹೊಗಳುವುದು ಸಹಜ. ಅದನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಸಂದೇಹ ಇತಿಹಾಸಕಾರನಿಗೆ ಬರುವುದೂ ಅಷ್ಟೇ ಸಹಜ.

ಈ ಸಂದೇಹವನ್ನು ನಿವಾರಿಸುವ ಸಾಕ್ಷಿ ಒದಗಿದ್ದು ಸಾವಿರಾರು ಮೈಲಿ ದೂರದಿಂದ. ಚೀನಾದ ಬೌದ್ಧ ಭಿಕ್ಷು ಹ್ಯೂಯೆನ್‌ತ್ಸಾಂಗ್ ಧರ್ಮಗ್ರಂಥಗಳನ್ನು ಅರಸುತ್ತ ಭಾರತಕ್ಕೆ ಬಂದು, ನಾಲಂದೆಯಲ್ಲಿ ಸಂಸ್ಕೃತ ಗ್ರಂಥಗಳನ್ನು ಆಳವಾಗಿ ಅಭ್ಯಾಸ ಮಾಡಿ, ದೇಶವನ್ನೆಲ್ಲ ಸುತ್ತಿ, 645ರಲ್ಲಿ ತನ್ನ ನಾಡಿಗೆ ಹಿಂದಿರುಗಿದನು. ಅವನ ಪ್ರವಾಸಕಥನವೇ ನಾವು ಪಠ್ಯಪುಸ್ತಕಗಳಲ್ಲಿ ಓದಿದ ‘ಸಿ-ಯು-ಕಿ’. ಅದರಲ್ಲಿ ಅವನು ‘ಮೋ-ಹೋ-ಲಾ-ಚ’ ಎಂಬ ದೇಶವನ್ನೂ, ಅದರ ರಾಜ ‘ಪು-ಲೋ-ಕಿ-ಷೆ’ಯನ್ನೂ ವರ್ಣಿಸುತ್ತಾನೆ. ಮೊದಲನೆಯದು ಮಹಾರಾಷ್ಟ್ರ, ಎರಡನೆಯದು ಪುಲಕೇಶಿ.

ಆ ವರ್ಣನೆ ಚಿಕ್ಕದಾದರೂ ಜೀವಂತವಾಗಿದೆ. ಇಲ್ಲಿನ ಜನ ಎತ್ತರದ ನಿಲುವಿನವರು, ಸ್ವಾಭಿಮಾನಿಗಳು. ಉಪಕಾರ ಮಾಡಿದವರಿಗೆ ಕೃತಜ್ಞರು, ಅವಮಾನ ಮಾಡಿದವರನ್ನು ಬಿಡುವವರಲ್ಲ. ಆದರೆ ಹಗೆ ತೀರಿಸಿಕೊಳ್ಳುವ ಮುನ್ನ ಶತ್ರುವಿಗೆ ಎಚ್ಚರಿಕೆ ಕೊಡುತ್ತಾರೆ. ಯುದ್ಧದಲ್ಲಿ ಸೋತು ಬಂದ ಸೇನಾನಿಗೆ ಬೇರೆ ಶಿಕ್ಷೆಯಿಲ್ಲ, ಹೆಂಗಸರ ಉಡುಪನ್ನು ಕೊಡುತ್ತಾರೆ. ಕಾಳಗಕ್ಕೆ ಹೊರಡುವ ಮೊದಲು ಆನೆಗಳಿಗೆ ಮದ್ಯ ಕುಡಿಸುತ್ತಾರೆ. ಇಷ್ಟನ್ನು ಹೇಳಿ ಅವನು ಮುಖ್ಯವಾದ ಮಾತಿಗೆ ಬರುತ್ತಾನೆ: ಹರ್ಷನು ಪೂರ್ವದಿಂದ ಪಶ್ಚಿಮದವರೆಗೆ ಎಲ್ಲರನ್ನೂ ಮಣಿಸಿದನಾದರೂ ಈ ದೇಶದ ಜನ ಮಾತ್ರ ಅವನಿಗೆ ಮಣಿಯಲಿಲ್ಲ.

ಈ ಸಾಕ್ಷಿಯ ಬೆಲೆ ತಿಳಿಯಬೇಕಾದರೆ ಒಂದು ಸಂಗತಿಯನ್ನು ನೆನಪಿಡಬೇಕು. ಹ್ಯೂಯೆನ್‌ತ್ಸಾಂಗನು ಪುಲಕೇಶಿಯ ಆಶ್ರಿತನಲ್ಲ. ಅವನನ್ನು ಬಹುವಾಗಿ ಸನ್ಮಾನಿಸಿದವನು ಹರ್ಷನೇ. ಹರ್ಷನ ಅತಿಥಿಯಾಗಿದ್ದವನು ಹರ್ಷನಿಗೆ ಆಗದೆ ಹೋದುದನ್ನು ಮರೆಮಾಚದೆ ಬರೆದಿದ್ದಾನೆ. ಐಹೊಳೆಯ ಕಲ್ಲೂ ಚೀನೀ ಕಾಗದವೂ ಒಂದನ್ನೊಂದು ಅರಿಯದೆ ಒಂದೇ ಮಾತನ್ನು ಹೇಳಿದವು. ಹಾಗಾಗಿಯೇ ನಮ್ಮ ಪಠ್ಯಗಳಲ್ಲಿ ಆ ವಾಕ್ಯ ಸಂದೇಹಕ್ಕೆಡೆಯಿಲ್ಲದೆ ನಿಂತಿದೆ.

ಅದೇ ಕಥನದಲ್ಲಿ ಅವನು ‘ಕೊಂಕಣಪುರ’ವೆಂಬ ಇನ್ನೊಂದು ನಾಡನ್ನೂ ವಿವರಿಸುತ್ತಾನೆ. ಅಲ್ಲಿ ತಾಳೆಮರಗಳ ದೊಡ್ಡ ವನವಿತ್ತು. ಅದರ ಗರಿಗಳನ್ನು ಸುತ್ತಮುತ್ತಲ ದೇಶಗಳವರೆಲ್ಲ ಬರೆಯಲು ಬಳಸುತ್ತಿದ್ದರು ಎನ್ನುತ್ತಾನೆ. ಈ ಸ್ಥಳವನ್ನು ಒಬ್ಬ ವಿದ್ವಾಂಸರು ಬನವಾಸಿಯೆಂದರೆ ಇನ್ನೊಬ್ಬರು ಆನೆಗೊಂದಿಯೆಂದರು. ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಚೀನೀ ಮೂಲವನ್ನೂ ಕನ್ನಡ ಶಾಸನಗಳನ್ನೂ ಎರಡನ್ನೂ ಓದಬಲ್ಲವರೊಬ್ಬರು ಈ ಚರ್ಚೆಗೆ ಇಳಿದರೆ ಹೊಸ ಬೆಳಕು ಬಿದ್ದೀತು.

ಪ್ಯಾರಿಸಿನಲ್ಲಿ ಕುಳಿತು ಓದಿದವನು

ಈ ಪುಟಗಳು ಸಾವಿರದ ಇನ್ನೂರು ವರ್ಷ ಭಾರತಕ್ಕೆ ತಿಳಿಯದೆ ಉಳಿದವು. ಅವುಗಳನ್ನು ಜಗತ್ತಿಗೆ ತೆರೆದವನು ಭಾರತೀಯನಲ್ಲ. ಭಾರತವನ್ನಾಗಲಿ ಚೀನಾವನ್ನಾಗಲಿ ಎಂದೂ ಕಾಣದ ಫ್ರೆಂಚ್ ವಿದ್ವಾಂಸ ಸ್ತಾನಿಸ್ಲಾಸ್ ಜೂಲಿಯೆನ್. ಪ್ಯಾರಿಸಿನ ‘ಕಾಲೇಜ್ ದ ಫ್ರಾನ್ಸ್’ನಲ್ಲಿ 1814ರಲ್ಲಿಯೇ ಚೀನೀ ಭಾಷೆಗೆ ಪ್ರಾಧ್ಯಾಪಕ ಪೀಠ ಸ್ಥಾಪನೆಯಾಗಿತ್ತು. ಅದರ ಮೊದಲ ಪ್ರಾಧ್ಯಾಪಕ ಆಬೆಲ್ ರೆಮ್ಯುಸಾನ ಶಿಷ್ಯನೇ ಜೂಲಿಯೆನ್. ಅವನು ಹ್ಯೂಯೆನ್‌ತ್ಸಾಂಗನ ಜೀವನಚರಿತ್ರೆಯನ್ನು 1853ರಲ್ಲಿಯೂ, ಪ್ರವಾಸಕಥನವನ್ನು 1857–58ರಲ್ಲಿಯೂ ಫ್ರೆಂಚಿಗೆ ಅನುವಾದಿಸಿ ಪ್ರಕಟಿಸಿದನು.

ಇದು ಎಷ್ಟು ಕಷ್ಟದ ಕೆಲಸವೆಂಬುದನ್ನು ಮಕ್ಕಳಿಗೆ ವಿವರಿಸುವುದು ಒಳ್ಳೆಯದು. ಚೀನೀ ಲಿಪಿಯಲ್ಲಿ ನಮ್ಮ ಹಾಗೆ ಸ್ವರ–ವ್ಯಂಜನಗಳ ಅಕ್ಷರಗಳಿಲ್ಲ. ಒಂದೊಂದು ಚಿಹ್ನೆಗೂ ಒಂದು ಅರ್ಥ, ಒಂದು ಉಚ್ಚಾರ. ಪರದೇಶದ ಹೆಸರು ಬಂದಾಗ ಅರ್ಥವನ್ನು ಬದಿಗಿಟ್ಟು, ಸದ್ದು ಹೋಲುವ ಚಿಹ್ನೆಗಳನ್ನು ಸಾಲಾಗಿ ಜೋಡಿಸುತ್ತಾರೆ. ಮೇಲಾಗಿ, 7ನೆಯ ಶತಮಾನದ ಉಚ್ಚಾರವೇ ಬೇರೆ, ಇಂದಿನದೇ ಬೇರೆ. ‘ಪು-ಲೋ-ಕಿ-ಷೆ’ ಎಂಬ ನಾಲ್ಕು ಚಿಹ್ನೆಗಳ ಹಿಂದೆ ‘ಪುಲಕೇಶಿ’ ಅಡಗಿದ್ದಾನೆಂದು ಕಂಡುಹಿಡಿಯಲು ಚೀನೀ ಮತ್ತು ಸಂಸ್ಕೃತ ಎರಡೂ ಬೇಕಿತ್ತು. ಜೂಲಿಯೆನ್ ಎರಡನ್ನೂ ಕಲಿತು, ಇಂತಹ ಹೆಸರುಗಳನ್ನು ಬಿಡಿಸುವ ವಿಧಾನವನ್ನೇ ಒಂದು ಗ್ರಂಥವಾಗಿ ಬರೆದನು.

ಮುಂದೆ ಸ್ಯಾಮ್ಯುಯೆಲ್ ಬೀಲ್ 1884ರಲ್ಲಿ ಇಂಗ್ಲಿಷ್ ಅನುವಾದವನ್ನು ತಂದನು. ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಈ ಯಾತ್ರಿಕನ ಹೆಜ್ಜೆಗಳನ್ನು ಹಿಂಬಾಲಿಸಿ ಉತ್ತರ ಭಾರತದ ಹಳೆಯ ಬೌದ್ಧ ನೆಲೆಗಳನ್ನು ಗುರುತಿಸಿದನು. ಹೀಗೆ ಚೀನೀ ಭಾಷೆಯಿಂದ ಫ್ರೆಂಚಿಗೆ, ಇಂಗ್ಲಿಷಿಗೆ, ಕೊನೆಗೆ ಕನ್ನಡಕ್ಕೆ ಪುಲಕೇಶಿಯ ಚಿತ್ರ ಬಂದು ಸೇರಿತು.

ಈ ದಾರಿಯನ್ನು ನೆನೆದಾಗ ಇನ್ನೊಬ್ಬ ಮಹಾ ಅನುವಾದಕನ ಮಾತು ನೆನಪಾಗುತ್ತದೆ. 5ನೆಯ ಶತಮಾನದ ಆರಂಭದಲ್ಲಿ ಚಾಂಗಾನ್ ನಗರದಲ್ಲಿದ್ದ ಕುಮಾರಜೀವನು, ಅನುವಾದವೆಂದರೆ ಒಬ್ಬರು ಅಗಿದ ಅನ್ನವನ್ನು ಇನ್ನೊಬ್ಬರ ಬಾಯಿಗಿಟ್ಟಂತೆ ಎಂಬರ್ಥದ ಮಾತನ್ನು ಹೇಳಿದನೆಂದು ಪ್ರತೀತಿ. ಪುಲಕೇಶಿಯ ವಿಷಯದಲ್ಲಿ ನಮಗೆ ದೊರೆತದ್ದು ಮೂರು ಬಾರಿ ಅಗಿದ ಅನ್ನ.

ಇಲ್ಲಿ ಕಳೆದುಹೋದದ್ದು, ಅಲ್ಲಿ ಉಳಿದದ್ದು

ಕುಮಾರಜೀವನ ಕಥೆಯೂ ಭಾಷಾಕಲಿಕೆಯ ಇತಿಹಾಸದಲ್ಲಿ ಸ್ಮರಣೀಯ. ಅವನ ತಂದೆ ಭಾರತೀಯ, ತಾಯಿ ಮಧ್ಯ ಏಷ್ಯಾದ ಕುಚಾ ರಾಜವಂಶದವಳು. ಚೀನೀ ದಂಡನಾಯಕನೊಬ್ಬ ಕುಚಾವನ್ನು ಗೆದ್ದು ಅವನನ್ನು ಸೆರೆಯಾಳಾಗಿ ಕೊಂಡೊಯ್ದನು. ಗಡಿನಾಡಿನಲ್ಲಿ ಅನೇಕ ವರ್ಷ ಬಂಧನದಲ್ಲಿ ಕಳೆದ ಆ ಕಾಲದಲ್ಲಿಯೇ ಅವನಿಗೆ ಚೀನೀ ಭಾಷೆ ಒಲಿಯಿತು. ಮುಂದೆ ಚಾಂಗಾನಿನಲ್ಲಿ ಅವನ ನೇತೃತ್ವದಲ್ಲಿ ನಡೆದ ಅನುವಾದಗಳು ಇಂದಿಗೂ ಪೂರ್ವ ಏಷ್ಯಾದ ಬೌದ್ಧರ ನಿತ್ಯಪಠನದಲ್ಲಿವೆ. ಅವನ ಅನಂತರ, 6ನೆಯ ಶತಮಾನದಲ್ಲಿ ಉಜ್ಜಯಿನಿಯ ಪರಮಾರ್ಥನು ಸಮುದ್ರಮಾರ್ಗವಾಗಿ ಚೀನಾಕ್ಕೆ ಹೋಗಿ, ಯುದ್ಧ–ಗಲಭೆಗಳ ನಡುವೆ ಊರಿಂದೂರಿಗೆ ಅಲೆಯುತ್ತಲೇ ಅನುವಾದಗಳನ್ನು ಮುಂದುವರಿಸಿದನು.

ಇವರು ಒಯ್ದ ಎಷ್ಟೋ ಗ್ರಂಥಗಳ ಸಂಸ್ಕೃತ ಮೂಲ ಭಾರತದಲ್ಲಿ ನಾಶವಾಗಿದೆ. ಚೀನೀ ಅನುವಾದ ಮಾತ್ರ ಉಳಿದಿದೆ. ಹರಿವರ್ಮನ ‘ಸತ್ಯಸಿದ್ಧಿಶಾಸ್ತ್ರ’ ಕುಮಾರಜೀವನ ಚೀನೀ ಅನುವಾದದಲ್ಲಿ ಉಳಿದುಬಂದಿದೆ. ಇದು ಬೌದ್ಧ ಗ್ರಂಥಗಳಿಗೆ ಮಾತ್ರ ಸೀಮಿತವಲ್ಲ. ವೈಶೇಷಿಕ ದರ್ಶನದ ‘ದಶಪದಾರ್ಥಶಾಸ್ತ್ರ’ವನ್ನು ಹ್ಯೂಯೆನ್‌ತ್ಸಾಂಗನು ಚೀನೀ ಭಾಷೆಗೆ ತಂದನು, ಆ ಅನುವಾದವೇ ಇಂದು ನಮಗಿರುವ ಆಧಾರ. ಅದನ್ನು 1917ರಲ್ಲಿ ಇಂಗ್ಲಿಷಿಗೆ ತಂದವರು ಜಪಾನಿನ ವಿದ್ವಾಂಸ ಹಕುಜು ಉಯಿ. ಈಶ್ವರಕೃಷ್ಣನ ಸಾಂಖ್ಯಕಾರಿಕೆಗೆ ಪರಮಾರ್ಥನು ಚೀನೀ ಭಾಷೆಯಲ್ಲಿ ಉಳಿಸಿದ ವ್ಯಾಖ್ಯಾನ ‘ಸುವರ್ಣಸಪ್ತತಿ’ ಎಂದು ಪ್ರಸಿದ್ಧ.

ಈ ಕೊನೆಯ ಗ್ರಂಥದ ವಿಷಯದಲ್ಲಿ ಒಂದು ಸಂತೋಷದ ಸಂಗತಿಯಿದೆ. ದಕ್ಷಿಣ ಭಾರತದ ವಿದ್ವಾಂಸರಾದ ಎನ್. ಅಯ್ಯಾಸ್ವಾಮಿ ಶಾಸ್ತ್ರಿಗಳು ಚೀನೀ ಭಾಷೆಯನ್ನು ಕಲಿತು, ಸುವರ್ಣಸಪ್ತತಿಯನ್ನು ಚೀನೀಯಿಂದ ಮತ್ತೆ ಸಂಸ್ಕೃತಕ್ಕೆ ತಂದರು. ಅದು 1944ರಲ್ಲಿ ತಿರುಪತಿಯಲ್ಲಿ ಪ್ರಕಟವಾಯಿತು. ಸತ್ಯಸಿದ್ಧಿಶಾಸ್ತ್ರವನ್ನೂ ಅವರೇ ಸಂಸ್ಕೃತಕ್ಕೆ ಮರಳಿಸಿದರು. ಸಾವಿರದ ನಾನೂರು ವರ್ಷ ಪರದೇಶದಲ್ಲಿದ್ದ ಮಗನನ್ನು ಮನೆಗೆ ಕರೆತಂದ ಕೆಲಸವದು.

ಭಾರತದಲ್ಲಿ ಇಂತಹ ಅಧ್ಯಯನಕ್ಕೆ ನೆಲೆ ಒದಗಿದ್ದು ಶಾಂತಿನಿಕೇತನದಲ್ಲಿ. ಅದರ ಕಥೆಯ ಒಂದು ಎಳೆ ನಾವಿರುವ ಈ ಭಾಗದಲ್ಲಿಯೇ ಆರಂಭವಾಗುತ್ತದೆ. 1927ರಲ್ಲಿ ರವೀಂದ್ರನಾಥ ಠಾಕೂರರು ಸಿಂಗಪುರ ಮತ್ತು ಮಲಯಕ್ಕೆ ಪ್ರವಾಸ ಬಂದಾಗ, ಇಲ್ಲಿ ಶಿಕ್ಷಕರಾಗಿದ್ದ ತಾನ್ ಯುನ್‌ಶಾನ್ ಎಂಬ ಚೀನೀ ತರುಣರು ಅವರನ್ನು ಕಂಡರು. ಕವಿಯ ಆಹ್ವಾನದ ಮೇರೆಗೆ 1928ರಲ್ಲಿ ಶಾಂತಿನಿಕೇತನಕ್ಕೆ ಹೋದರು. ಅವರ ವರ್ಷಗಳ ದುಡಿಮೆಯ ಫಲವಾಗಿ 1937ರ ಏಪ್ರಿಲ್ 14ರಂದು ‘ಚೀನಾ ಭವನ’ ಆರಂಭವಾಯಿತು. ಫ್ರಾನ್ಸಿನಲ್ಲಿ ಸಿಲ್ವಾಂ ಲೆವಿಯವರ ಬಳಿ ಓದಿ ಬಂದ ಪ್ರಬೋಧಚಂದ್ರ ಬಾಗ್ಚಿಯವರಂತಹ ವಿದ್ವಾಂಸರು ಈ ಅಧ್ಯಯನಕ್ಕೆ ಗೌರವ ತಂದುಕೊಟ್ಟರು. 1962ರ ಯುದ್ಧದ ಬಳಿಕ ಎರಡು ದೇಶಗಳ ನಡುವೆ ಬೆಳೆದ ಕಹಿ ಈ ದಾರಿಯನ್ನೂ ಬಹುಮಟ್ಟಿಗೆ ಬರಿದಾಗಿಸಿತು.

ಮತಪ್ರಚಾರ, ವ್ಯಾಪಾರ ಮತ್ತು ಒಬ್ಬ ಹುಡುಗ

ಯುರೋಪಿನವರು ಚೀನೀ ಭಾಷೆಯನ್ನು ಕಲಿಯಲು ಹೊರಟ ಕಾರಣಗಳು ಬೇರೆ. ಮೊದಲು ಬಂದದ್ದು ಮತಪ್ರಚಾರ. ಇಟಲಿಯ ಜೆಸುಯಿಟ್ ಪಾದ್ರಿ ಮತ್ತೆಯೊ ರಿಚ್ಚಿ 1578ರಲ್ಲಿ ಗೋವೆಗೆ ಬಂದಿಳಿದು, ಕೊಚ್ಚಿಯಲ್ಲಿ ದೀಕ್ಷೆ ಪಡೆದು, 1582ರಲ್ಲಿ ಮಕಾವಿಗೆ ತೆರಳಿದನು. ಚೀನೀ ಭಾಷೆಯನ್ನು ಅವನು ಎಷ್ಟು ಚೆನ್ನಾಗಿ ಕಲಿತನೆಂದರೆ, 1607ರ ವೇಳೆಗೆ ವಿದ್ವಾಂಸ ಷು ಗ್ವಾಂಗ್‌ಚಿಯೊಡನೆ ಸೇರಿ ಯೂಕ್ಲಿಡನ ರೇಖಾಗಣಿತದ ಮೊದಲ ಭಾಗಗಳನ್ನು ಚೀನೀಯರಿಗೆ ಕೊಟ್ಟನು.

ವ್ಯಾಪಾರಿಗಳ ಪಾಡು ಇಷ್ಟು ಸುಗಮವಾಗಿರಲಿಲ್ಲ. 18ನೆಯ ಶತಮಾನದಲ್ಲಿ ಚೀನಾದ ಅಧಿಕಾರಿಗಳು ಪರದೇಶೀಯರು ತಮ್ಮ ಭಾಷೆಯನ್ನು ಕಲಿಯುವುದನ್ನು ಸಂಶಯದಿಂದ ಕಾಣುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಜೇಮ್ಸ್ ಫ್ಲಿಂಟ್ ಎಂಬಾತ ಚೀನೀ ಕಲಿತು, 1759ರಲ್ಲಿ ಚಕ್ರವರ್ತಿಗೆ ನೇರವಾಗಿ ದೂರು ಸಲ್ಲಿಸಲು ಉತ್ತರಕ್ಕೆ ಹೋದನು. ಪರಿಣಾಮವಾಗಿ ಅವನಿಗೆ ಮಕಾವಿನಲ್ಲಿ ಮೂರು ವರ್ಷ ಸೆರೆವಾಸವಾಯಿತು. ಅವನ ಅರ್ಜಿಯನ್ನು ಬರೆಯಲು ನೆರವಾದ ಚೀನೀಯನಂತೂ ತಲೆಯನ್ನೇ ತೆರಬೇಕಾಯಿತು.

ಇಂತಹ ವಾತಾವರಣದಲ್ಲಿ 1792ರಲ್ಲಿ ಬ್ರಿಟಿಷ್ ಸರ್ಕಾರ ಲಾರ್ಡ್ ಮೆಕಾರ್ಟ್ನಿಯ ನೇತೃತ್ವದಲ್ಲಿ ಚಕ್ರವರ್ತಿ ಚಿಯಾನ್‌ಲಾಂಗನ ಬಳಿಗೆ ರಾಯಭಾರವನ್ನು ಕಳುಹಿಸಿತು. ದುಭಾಷಿಗಾಗಿ ಹುಡುಕಿದರೆ ಬ್ರಿಟನ್ನಿನಲ್ಲಿ ತಕ್ಕವರು ಒಬ್ಬರೂ ಸಿಗಲಿಲ್ಲ. ಕೊನೆಗೆ ಇಟಲಿಯ ನೇಪಲ್ಸ್ ನಗರದ ವಿದ್ಯಾಲಯದಲ್ಲಿ ಕ್ರೈಸ್ತ ಪಾದ್ರಿಗಳಾಗಿ ಓದುತ್ತಿದ್ದ ಚೀನೀಯರನ್ನು ಕರೆತರಬೇಕಾಯಿತು. ಇದನ್ನು ಏರ್ಪಡಿಸಿದವನು ರಾಯಭಾರದ ಕಾರ್ಯದರ್ಶಿ ಜಾರ್ಜ್ ಲಿಯೊನಾರ್ಡ್ ಸ್ಟಾಂಟನ್. ಈ ಹೆಸರು ಕರ್ನಾಟಕದ ಇತಿಹಾಸದಲ್ಲಿಯೂ ಬರುತ್ತದೆ. 1784ರ ಮಾರ್ಚಿಯಲ್ಲಿ ಟಿಪ್ಪು ಸುಲ್ತಾನನೊಡನೆ ಮಂಗಳೂರು ಒಪ್ಪಂದವನ್ನು ಮಾಡಿಕೊಳ್ಳಲು ಮದರಾಸಿನಿಂದ ಬಂದ ಮೂವರು ಕಂಪನಿ ಪ್ರತಿನಿಧಿಗಳಲ್ಲಿ ಇವನೂ ಒಬ್ಬ. ಆಗ ಮದರಾಸಿನ ಗವರ್ನರನಾಗಿದ್ದವನು ಇದೇ ಮೆಕಾರ್ಟ್ನಿ.

ಸ್ಟಾಂಟನ್ ತನ್ನ ಹನ್ನೊಂದು ವರ್ಷದ ಮಗನನ್ನೂ ಹಡಗಿನಲ್ಲಿ ಜೊತೆಗೆ ಕರೆದೊಯ್ದನು. ತಿಂಗಳುಗಟ್ಟಲೆಯ ಆ ಸಮುದ್ರಯಾನದಲ್ಲಿ ಹುಡುಗ ಚೀನೀ ಪಾದ್ರಿಗಳಿಂದ ಭಾಷೆಯನ್ನು ಕಲಿತನು. ಚೀನೀ ಅಕ್ಷರಗಳನ್ನು ಅಂದವಾಗಿ ಬರೆಯಲೂ ಕಲಿತು, ರಾಯಭಾರದ ಪತ್ರಗಳನ್ನು ಪ್ರತಿಮಾಡಿಕೊಟ್ಟನು. 1793ರ ಸೆಪ್ಟೆಂಬರಿನಲ್ಲಿ ಜೆಹೋಲ್ ಎಂಬ ಬೇಸಗೆಯ ರಾಜಧಾನಿಯಲ್ಲಿ ಚಕ್ರವರ್ತಿಯ ದರ್ಶನವಾದಾಗ, ರಾಯಭಾರದ ಹಿರಿಯರಲ್ಲಿ ಯಾರಿಗೆ ಚೀನೀ ಬರುತ್ತದೆಂದು ಚಕ್ರವರ್ತಿ ವಿಚಾರಿಸಿದನು. ಮುಂದೆ ಬಂದವನು ಈ ಬಾಲಕ. ಅವನ ಮಾತನ್ನು ಕೇಳಿ ಮೆಚ್ಚಿದ ವೃದ್ಧ ಚಕ್ರವರ್ತಿ ತನ್ನ ಸೊಂಟದಲ್ಲಿದ್ದ ರೇಷ್ಮೆಯ ಚೀಲವನ್ನೇ ಬಿಚ್ಚಿ ಕೊಟ್ಟನು. ದೊಡ್ಡವರು ಹೊತ್ತುತಂದ ಬೆಲೆಬಾಳುವ ಉಡುಗೊರೆಗಳಿಂದ ಕೈಗೂಡದ ಸ್ನೇಹ ಒಂದು ಕ್ಷಣ ಆ ಹುಡುಗನ ನಾಲ್ಕು ಮಾತಿನಿಂದ ಕೈಗೂಡಿತು. ರಾಯಭಾರ ಮಾತ್ರ ವ್ಯಾಪಾರದ ಯಾವ ಬೇಡಿಕೆಯೂ ಈಡೇರದೆ ಹಿಂದಿರುಗಿತು.

ಆ ಹುಡುಗ, ಜಾರ್ಜ್ ಥಾಮಸ್ ಸ್ಟಾಂಟನ್, ದೊಡ್ಡವನಾಗಿ 1810ರಲ್ಲಿ ಚೀನಾದ ದಂಡಸಂಹಿತೆಯನ್ನು ಇಂಗ್ಲಿಷಿಗೆ ಅನುವಾದಿಸಿದನು. ಆದರೆ 1840ರಲ್ಲಿ ಅಫೀಮು ಯುದ್ಧದ ಪ್ರಶ್ನೆ ಬ್ರಿಟಿಷ್ ಸಂಸತ್ತಿಗೆ ಬಂದಾಗ, ಚೀನಾವನ್ನು ಬಲ್ಲವನೆಂಬ ಅಧಿಕಾರದಿಂದಲೇ ಯುದ್ಧದ ಪರವಾಗಿ ಮಾತನಾಡಿದನು. ಭಾಷೆ ಬಂದ ಮಾತ್ರಕ್ಕೆ ಭಾವ ಬರುವುದಿಲ್ಲ. ಯಾವ ಕಾರಣಕ್ಕಾಗಿ ಕಲಿತೆವು ಎಂಬುದು ಕಲಿತ ಮೇಲೂ ನಮ್ಮನ್ನು ಬಿಡುವುದಿಲ್ಲ.

ಇದೇ ಕಾಲದ ಇನ್ನೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾಗದು. ಬಂಗಾಳದ ಶ್ರೀರಾಮಪುರದ ಮಿಷನ್ ಮುದ್ರಣಾಲಯದಲ್ಲಿ ವಿಲಿಯಂ ಕೇರಿಯ ಸಂಗಾತಿ ಜೋಶುವಾ ಮಾರ್ಷ್‌ಮನ್, ಮಕಾವಿನಿಂದ ಬಂದ ಆರ್ಮೇನಿಯನ್ ಗುರು ಯೊಹಾನ್ನೆಸ್ ಲಸ್ಸಾರನಿಂದ ಚೀನೀ ಕಲಿತು, 1814ರಲ್ಲಿ ಚೀನೀ ವ್ಯಾಕರಣವನ್ನೂ 1822ರಲ್ಲಿ ಚೀನೀ ಬೈಬಲ್ಲನ್ನೂ ಅಚ್ಚುಮಾಡಿಸಿದನು. ಅದೇ ಮುದ್ರಣಾಲಯದಿಂದ 1817ರಲ್ಲಿ ಕೇರಿಯ ಕನ್ನಡ ವ್ಯಾಕರಣವೂ ಹೊರಬಂದಿತು. ಕನ್ನಡದ ಅಚ್ಚುಮೊಳೆಗಳೂ ಚೀನೀ ಅಚ್ಚುಮೊಳೆಗಳೂ ಹೂಗ್ಲಿ ನದಿಯ ದಡದ ಒಂದೇ ಮುದ್ರಣಾಲಯದಲ್ಲಿ ಕೆಲಸ ಮಾಡಿದ್ದವು.

ಸೇವೆಗಾಗಿ ಕಲಿತವರು

ಕನ್ನಡವೂ ಮರಾಠಿಯೂ ತೆಲುಗೂ ಒಟ್ಟಿಗೆ ಕೇಳಿಬರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ ಅವರದು ಇನ್ನೊಂದು ಬಗೆಯ ಕಲಿಕೆ. ಜಪಾನ್ ಚೀನಾದ ಮೇಲೆ ದಂಡೆತ್ತಿದಾಗ, 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಉಳಿದವರು ಹಿಂದಿರುಗಿದರೂ ಕೋಟ್ನಿಸ್ ಅಲ್ಲಿಯೇ ನಿಂತರು. ರೋಗಿಗೆ ನೋವೆಲ್ಲಿ ಎಂದು ಅವನ ಭಾಷೆಯಲ್ಲಿ ಕೇಳಲಾಗದ ವೈದ್ಯ ಎಷ್ಟು ಮಟ್ಟಿನ ವೈದ್ಯ? ಅವರು ಚೀನೀ ಭಾಷೆಯಲ್ಲಿ ಮಾತನಾಡಲು, ಓದಲು, ಬರೆಯಲು ಕಲಿತು, ಬೆಥ್ಯೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. ಮಗನಿಗೆ ಇಟ್ಟ ಹೆಸರು ‘ಯಿನ್‌ಹ್ವಾ’: ‘ಯಿನ್’ ಎಂದರೆ ಭಾರತ, ‘ಹ್ವಾ’ ಎಂದರೆ ಚೀನಾ. 1942ರ ಡಿಸೆಂಬರಿನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಅವರು ಅಲ್ಲಿಯೇ ತೀರಿಕೊಂಡರು. ಗಡಿಯಲ್ಲಿ ಎಷ್ಟೇ ಬಿಸಿಯೇರಿದರೂ ಆ ಹೆಸರನ್ನು ಚೀನಾ ಇಂದಿಗೂ ಗೌರವದಿಂದ ನೆನೆಯುತ್ತದೆ.

ಸಿಂಗಪುರದ ಪಾಠ

ಕೊನೆಗೆ ನಾವು ನೆಲೆಸಿರುವ ಈ ದ್ವೀಪಕ್ಕೆ ಬರೋಣ. ನಮ್ಮ ನೆರೆಯ ಚೀನೀ ಕುಟುಂಬಗಳಿಗೆ ಮ್ಯಾಂಡರಿನ್ ಹುಟ್ಟಿನಿಂದ ಬಂದ ಭಾಷೆಯೆಂದು ನಾವು ಭಾವಿಸುತ್ತೇವೆ. ಆದರೆ ಅವರ ಅಜ್ಜ–ಅಜ್ಜಿಯರ ಮನೆಮಾತು ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ ಅಥವಾ ಹೈನಾನೀಸ್. ಇವುಗಳಲ್ಲಿ ಒಂದನ್ನಾಡುವವರಿಗೆ ಇನ್ನೊಂದು ಅರ್ಥವಾಗುವುದು ಕಷ್ಟ. 1979ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಲೀ ಕ್ವಾನ್ ಯೂ ‘ಮ್ಯಾಂಡರಿನ್ ಮಾತನಾಡಿ’ ಆಂದೋಲನವನ್ನು ಆರಂಭಿಸಿದರು. ಅಂದರೆ ಇಲ್ಲಿನ ಬಹುಪಾಲು ಚೀನೀಯರು ಮ್ಯಾಂಡರಿನ್ನನ್ನು ಕಲಿತದ್ದೇ ಇನ್ನೊಂದು ಭಾಷೆಯಾಗಿ. ಇಂಗ್ಲಿಷ್ ಶಿಕ್ಷಣ ಪಡೆದಿದ್ದ ಲೀಯವರೂ ಮ್ಯಾಂಡರಿನ್ನನ್ನು ದೊಡ್ಡವರಾದ ಮೇಲೆ ಪಾಠ ಹೇಳಿಸಿಕೊಂಡು ಕಲಿತವರು. ಮುಪ್ಪಿನಲ್ಲಿಯೂ ಆ ಅಭ್ಯಾಸವನ್ನು ಬಿಡಲಿಲ್ಲ.

ಆಂದೋಲನ ಗೆದ್ದಿತು. ಬೇರೆ ಬೇರೆ ಮನೆಮಾತಿನವರಿಗೆ ಒಂದು ಸಮಾನ ಭಾಷೆ ದೊರೆಯಿತು. ಅದಕ್ಕೆ ತೆತ್ತ ಬೆಲೆಯೂ ಕಡಿಮೆಯದಲ್ಲ. ರೇಡಿಯೋ, ದೂರದರ್ಶನಗಳಿಂದ ಹೊಕ್ಕಿಯೆನ್, ಕ್ಯಾಂಟನೀಸ್ ಕಾರ್ಯಕ್ರಮಗಳು ಕ್ರಮೇಣ ಮರೆಯಾದವು. ಎಷ್ಟೋ ಮನೆಗಳಲ್ಲಿ ಅಜ್ಜಿಯ ಮಾತು ಮೊಮ್ಮಗುವಿಗೆ ತಿಳಿಯದಾಯಿತು. ಶಾಲೆ ಒಂದು ಭಾಷೆಯನ್ನು ಕಲಿಸಬಲ್ಲದು. ಮನೆಯಲ್ಲಿ ಆಡದ ಭಾಷೆಯನ್ನು ಉಳಿಸಿಕೊಡಲಾರದು. ಕನ್ನಡದ ಜೊತೆಗೆ ತುಳು, ಕೊಡವ, ಕೊಂಕಣಿ, ಬ್ಯಾರಿ ಆಡುವ ನಮ್ಮ ಕುಟುಂಬಗಳಿಗೆ ಇದಕ್ಕಿಂತ ಹತ್ತಿರದ ಎಚ್ಚರಿಕೆ ಬೇರೆ ಬೇಕಿಲ್ಲ.

ನಮ್ಮ ಮಕ್ಕಳಿಗೆ ಇದು ದೂರದ ಭಾಷೆಯೇ?

ಚೀನೀ ಭಾಷೆ ಕಷ್ಟ ಎಂಬ ಮಾತಿನಲ್ಲಿ ನಿಜವಿದೆ. ‘ಮಾ’ ಎಂಬ ಒಂದೇ ಸದ್ದು, ಸ್ವರದ ಏರಿಳಿತಕ್ಕೆ ತಕ್ಕಂತೆ ತಾಯಿ, ಸೆಣಬು, ಕುದುರೆ ಅಥವಾ ಬೈಗುಳ ಆಗಬಲ್ಲದು. ಸಾವಿರಾರು ಚಿಹ್ನೆಗಳನ್ನು ಬರೆದು ಬರೆದು ಕೈಗೆ ಕೂರಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಆದರೂ ಕನ್ನಡ ಬಲ್ಲ ಮಗುವಿಗೆ ಕೆಲವು ಅನುಕೂಲಗಳುಂಟು. ಇಂಗ್ಲಿಷಿನಲ್ಲಿ ‘ಬೀಜಿಂಗ್’ ಎಂದು ಬರೆಯುವ ಹೆಸರಿನ ನಿಜವಾದ ಉಚ್ಚಾರ ‘ಪೇಯ್‌ಚಿಂಗ್’ ಎಂಬುದಕ್ಕೆ ಹತ್ತಿರ. ಚೀನೀ ಭಾಷೆಯಲ್ಲಿ ವ್ಯತ್ಯಾಸವಿರುವುದು ಪ–ಬಗಳ ನಡುವೆ ಅಲ್ಲ. ಪ–ಫ, ತ–ಥ, ಚ–ಛಗಳ ನಡುವೆ. ಅಲ್ಪಪ್ರಾಣ–ಮಹಾಪ್ರಾಣಗಳನ್ನು ಕಾಗುಣಿತದಲ್ಲಿಯೇ ಕಲಿತ ಮಗುವಿಗೆ ಇದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ‘ನಾನು ಕೊಂಡ ಪುಸ್ತಕ’ ಎನ್ನಲು ಚೀನೀಯರು ‘ವೋ ಮಾಯ್ ತ ಷೂ’ ಎನ್ನುತ್ತಾರೆ. ಪದಗಳ ಅನುಕ್ರಮ ಕನ್ನಡದ್ದೇ, ಇಂಗ್ಲಿಷಿನದಲ್ಲ. ‘ಬಂದೆಯಾ’ ಎಂದು ನಾವು ಕೊನೆಯಲ್ಲಿ ‘ಆ’ ಸೇರಿಸಿ ಪ್ರಶ್ನಿಸುವಂತೆ ಅವರೂ ವಾಕ್ಯದ ಕೊನೆಗೆ ‘ಮಾ’ ಸೇರಿಸುತ್ತಾರೆ.

ಇದಕ್ಕಿಂತ ಹಳೆಯ ನಂಟೂ ಒಂದಿದೆ. ತಾಂಗ್ ಕಾಲದ ಕೊನೆಯ ಹೊತ್ತಿಗೆ ಚೀನೀ ವಿದ್ವಾಂಸರು ತಮ್ಮ ಭಾಷೆಯ ವ್ಯಂಜನಗಳನ್ನು ಗಂಟಲು, ದಂತ, ತುಟಿ ಎಂಬ ಉಚ್ಚಾರಣಾಸ್ಥಾನಗಳ ಪ್ರಕಾರ ವರ್ಗೀಕರಿಸತೊಡಗಿದರು. ಬೌದ್ಧ ಭಿಕ್ಷುಗಳ ಮೂಲಕ ಅವರಿಗೆ ಪರಿಚಯವಾದ ಸಂಸ್ಕೃತ ವರ್ಣಮಾಲೆಯೇ ಅದಕ್ಕೆ ಪ್ರೇರಣೆ. ನಮ್ಮ ಮಕ್ಕಳು ಮನೆಯಲ್ಲಿ ‘ಕ ಖ ಗ ಘ’ ಹೇಳುವ ಕ್ರಮ, ಸಾವಿರ ವರ್ಷದ ಹಿಂದೆಯೇ ಚೀನೀ ಭಾಷಾಶಾಸ್ತ್ರಕ್ಕೆ ದಾರಿ ತೋರಿಸಿತ್ತು.

ಹೀಗೆ ಧರ್ಮಕ್ಕಾಗಿ, ವ್ಯಾಪಾರಕ್ಕಾಗಿ, ರಾಜ್ಯಕ್ಕಾಗಿ, ಜ್ಞಾನಕ್ಕಾಗಿ, ಸೇವೆಗಾಗಿ ಜನ ಚೀನೀ ಭಾಷೆಯನ್ನು ಕಲಿತರು. ನಮ್ಮ ಸಂಘದ ಕುಟುಂಬಗಳಲ್ಲಿ ಯಾವ ಮಗು ಯಾವ ಎರಡನೆಯ ಭಾಷೆಯನ್ನು ಆರಿಸಿಕೊಳ್ಳಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ; ಅದು ಆಯಾ ಮನೆಯ ಅನುಕೂಲಕ್ಕೂ ಮಗುವಿನ ಒಲವಿಗೂ ಬಿಟ್ಟದ್ದು. ಚೀನೀಯನ್ನು ಆರಿಸಿಕೊಂಡ ಮಗುವಿಗೆ, ಅದು ಕೇವಲ ಅಂಕಗಳ ಮತ್ತು ಉದ್ಯೋಗದ ಭಾಷೆಯಲ್ಲವೆಂದು ತಂದೆತಾಯಿ ಹೇಳಿಕೊಟ್ಟರೆ ಸಾಕು. ಆ ಚಿಹ್ನೆಗಳ ನಡುವೆ ಬಾದಾಮಿಯ ದೊರೆಯೊಬ್ಬ ಸಾವಿರದ ಮುನ್ನೂರು ವರ್ಷಗಳಿಂದ ಕಾದು ಕುಳಿತಿದ್ದಾನೆ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಚೀನೀ. ಈ ಎರಡೂ ಒಂದೇ ಮಗುವಿನಲ್ಲಿ ಕೂಡಿದರೆ, ಐಹೊಳೆಯ ಶಾಸನವನ್ನೂ ಸಿ-ಯು-ಕಿಯ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟು ಸ್ವತಃ ಓದಬಲ್ಲ ಕನ್ನಡಿಗರೊಬ್ಬರು ನಮ್ಮ ನಡುವಿನಿಂದಲೇ ಬಂದಾರು. ಆಗ ಪುಲಕೇಶಿಯ ಕಥೆ ಪ್ಯಾರಿಸ್, ಲಂಡನ್ನುಗಳನ್ನು ಸುತ್ತಿ ಬರಬೇಕಾಗಿಲ್ಲ. ನೇರವಾಗಿ ಕನ್ನಡಕ್ಕೆ ಬರುತ್ತದೆ.